ಶಾಲಾ ಊಟದ ಫಲವಿಚಾರ: ಸಂಶೋಧನೆಗಳ ಪರಾಮರ್ಶೆಯಲ್ಲಿ ಸಿದ್ಧಾಂತದ ಸ್ಥಾನ

ಹಸಿದ ಮಗುವಿಗೆ ಅಕ್ಷರ ಹತ್ತದೆಂಬುದನ್ನು ಅರಿಯಲು ನಮ್ಮ ನಾಡಿನ ಮಠಗಳು ಯಾವ ಸಂಶೋಧನೆಯ ವರದಿಗೂ ಕಾದು ಕುಳಿತಿರಲಿಲ್ಲ. ಪಾಠಶಾಲೆಯೊಡನೆ ಉಚಿತ ಪ್ರಸಾದ ನಿಲಯವನ್ನೂ ತೆರೆದ ಮಠಗಳು ಕನ್ನಡ ನಾಡಿನಲ್ಲಿ ಹಲವು. 2002ರಲ್ಲಿ ಕರ್ನಾಟಕ ಸರ್ಕಾರವು ರಾಜ್ಯದ ಈಶಾನ್ಯ ಭಾಗದ ಜಿಲ್ಲೆಗಳಲ್ಲಿ ಶಾಲಾ ಮಕ್ಕಳಿಗೆ ಬಿಸಿಯೂಟವನ್ನು ಆರಂಭಿಸಿದಾಗ ಆ ಯೋಜನೆಗೆ 'ಅಕ್ಷರ ದಾಸೋಹ'ವೆಂದು ಹೆಸರಿಟ್ಟದ್ದು ಶರಣರ ನುಡಿಯನ್ನು ಎರವಲು ಪಡೆದೇ.

ಆದರೆ ದಾಸೋಹಕ್ಕೂ ಸರ್ಕಾರದ ಯೋಜನೆಗೂ ಒಂದು ವ್ಯತ್ಯಾಸವುಂಟು. ದಾಸೋಹದಲ್ಲಿ ಬಡಿಸುವ ಕೈ ಫಲವನ್ನು ಕೇಳುವುದಿಲ್ಲ. ಬೊಕ್ಕಸದಿಂದ ಹಣ ಕೊಡುವವನಾದರೋ ಕೇಳಲೇಬೇಕಾಗುತ್ತದೆ. ಊಟದಿಂದ ಮಗುವಿನ ತೂಕ ಎಷ್ಟು ಹೆಚ್ಚಿತು? ಹಾಜರಿ ಎಷ್ಟು ಏರಿತು? ಅದೇ ಹಣವನ್ನು ಔಷಧಿಗೋ ಪುಸ್ತಕಕ್ಕೋ ವೆಚ್ಚ ಮಾಡಿದ್ದರೆ ಹೆಚ್ಚಿನ ಪ್ರಯೋಜನವಾಗುತ್ತಿತ್ತೇ? ಈ ಪ್ರಶ್ನೆಗಳು ಅನ್ಯಾಯದವಲ್ಲ. ಅವುಗಳಿಗೆ ಕೊಡುವ ಉತ್ತರ ತಪ್ಪಾದರೆ ಮಾತ್ರ ಅದರ ಪರಿಣಾಮ ನೇರವಾಗಿ ಮಗುವಿನ ತಟ್ಟೆಯ ಮೇಲೆ ಬೀಳುತ್ತದೆ. ಆದ್ದರಿಂದ ಆ ಉತ್ತರವನ್ನು ವಿದ್ವಾಂಸರು ಹೇಗೆ ಕಂಡುಕೊಳ್ಳುತ್ತಾರೆ, ಎಲ್ಲಿ ಎಡವುತ್ತಾರೆ ಎಂಬುದನ್ನು ಶಿಕ್ಷಕರೂ ಪಾಲಕರೂ ತಿಳಿದಿರುವುದು ಉಚಿತ.

ವೈದ್ಯಶಾಸ್ತ್ರದಲ್ಲಿ ಇಂಥ ಪ್ರಶ್ನೆಗಳ ಇತ್ಯರ್ಥಕ್ಕಾಗಿ ರೂಢಿಗೆ ಬಂದಿರುವ ಮಾರ್ಗ ಸಿಸ್ಟಮ್ಯಾಟಿಕ್ ರಿವ್ಯೂ, ಅಂದರೆ ಕ್ರಮಬದ್ಧ ಪರಾಮರ್ಶೆ. ಒಂದು ಪ್ರಶ್ನೆಯನ್ನು ಕುರಿತು ಜಗತ್ತಿನಲ್ಲಿ ನಡೆದ ಪ್ರಯೋಗಗಳನ್ನೆಲ್ಲ, ತನಗೆ ಹಿತವಾದುದು ಅಹಿತವಾದುದು ಎಂಬ ಭೇದವೆಣಿಸದೆ, ಮೊದಲೇ ಬರೆದಿಟ್ಟ ನಿಯಮಗಳಿಗೆ ಅನುಸಾರವಾಗಿ ಹುಡುಕಿ, ಒಂದೊಂದರ ಗುಣದೋಷವನ್ನು ತೂಗಿ, ಸಾಧ್ಯವಾದಲ್ಲಿ ಅವುಗಳ ಅಂಕಿಗಳನ್ನು ಒಟ್ಟುಗೂಡಿಸುವುದು ಇದರ ಕ್ರಮ. ಸ್ಕಾಟ್ಲೆಂಡ್ ಮೂಲದ ವೈದ್ಯ ಆರ್ಚಿ ಕಾಕ್ರನ್ ಅವರು 1972ರಲ್ಲಿ ಪ್ರಕಟಿಸಿದ ಗ್ರಂಥವೊಂದು ಈ ವಿಚಾರಕ್ಕೆ ಬೀಜವಾಯಿತು. ಅಂಕಿಗಳನ್ನು ಒಗ್ಗೂಡಿಸುವ ವಿಧಾನಕ್ಕೆ ಅಮೆರಿಕದ ಜೀನ್ ಗ್ಲಾಸ್ ಅವರು 1976ರಲ್ಲಿ ಮೆಟಾ-ಅನಾಲಿಸಿಸ್ ಎಂದು ಹೆಸರಿಟ್ಟರು. 1993ರಲ್ಲಿ ಕಾಕ್ರನ್ ಅವರ ಹೆಸರಿನಲ್ಲಿಯೇ ಒಂದು ಅಂತರರಾಷ್ಟ್ರೀಯ ಸಂಸ್ಥೆ ಸ್ಥಾಪಿತವಾಗಿ ಇಂಥ ಪರಾಮರ್ಶೆಗಳನ್ನು ಪ್ರಕಟಿಸುತ್ತ ಬಂದಿದೆ.

ಒಂದು ಗುಳಿಗೆಯ ವಿಷಯದಲ್ಲಿ ಈ ಮಾರ್ಗ ಬಹುಮಟ್ಟಿಗೆ ನಿರಾತಂಕವಾದುದು. ಗುಳಿಗೆ ಲಂಡನ್ನಿನಲ್ಲಿಯೂ ಗುಳಿಗೆಯೇ, ಲಿಂಗಸುಗೂರಿನಲ್ಲಿಯೂ ಗುಳಿಗೆಯೇ. ಶಾಲೆಯ ಊಟ ಹಾಗಲ್ಲ. ಅದರಲ್ಲಿ ಅಕ್ಕಿ ಬೇಳೆಗಳಷ್ಟೇ ಅಲ್ಲದೆ ಅಡುಗೆಯವರೂ ಇದ್ದಾರೆ, ಸೌದೆ ಇಲ್ಲವೆ ಗ್ಯಾಸಿನ ಸರಬರಾಜಿದೆ, ನೀರಿದೆ, ಬಡಿಸುವ ಹೊತ್ತಿದೆ, ಶಿಕ್ಷಕರ ಮನಸ್ಸಿದೆ, ಮನೆಯಲ್ಲಿ ತಾಯಿ ಮಾಡುವ ಲೆಕ್ಕಾಚಾರವಿದೆ, ಆ ವರ್ಷದ ಮಳೆಬೆಳೆಯಿದೆ. ಇವುಗಳಲ್ಲಿ ಒಂದು ಬದಲಾದರೂ ಫಲ ಬದಲಾಗಬಹುದು. ಇಂಥವನ್ನು ಸಂಕೀರ್ಣ ಆರೋಗ್ಯ ಕಾರ್ಯಕ್ರಮಗಳೆಂದು ಕರೆಯುವುದು ವಾಡಿಕೆ. ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯು ಇವುಗಳನ್ನು ರೂಪಿಸುವ ಮತ್ತು ಪರೀಕ್ಷಿಸುವ ಬಗ್ಗೆ 2000ದಲ್ಲಿ ಒಂದು ಚೌಕಟ್ಟನ್ನು ಹೊರಡಿಸಿ, 2008ರಲ್ಲಿಯೂ 2021ರಲ್ಲಿಯೂ ಅದನ್ನು ಪರಿಷ್ಕರಿಸಿತು. ಕಾರ್ಯಕ್ರಮವು ಯಾವ ದಾರಿಯಿಂದ ಫಲ ಕೊಡುತ್ತದೆಂದು ನಂಬಲಾಗಿದೆಯೋ ಆ ನಂಬಿಕೆಯನ್ನು ಮೊದಲು ಸ್ಪಷ್ಟವಾಗಿ ಬರೆಯಬೇಕು ಎಂಬುದು ಅದರ ಮುಖ್ಯ ಸೂಚನೆಗಳಲ್ಲೊಂದು. ಇಲ್ಲಿ ಸಿದ್ಧಾಂತವೆಂದರೆ ಆ ನಂಬಿಕೆಯೇ ಹೊರತು ಬೇರೆ ಘನವಾದ ವಸ್ತುವೇನಲ್ಲ.

ಸಿದ್ಧಾಂತವನ್ನು ಬರೆದಿಡದೆ ಎಣಿಸಲು ತೊಡಗಿದರೆ ಏನಾಗುತ್ತದೆಂಬುದಕ್ಕೆ ಸ್ಕಾಟ್ಲೆಂಡಿನ ಲ್ಯಾನಾರ್ಕ್‌ಶೈರ್ ಪ್ರಾಂತದಲ್ಲಿ 1930ರಲ್ಲಿ ನಡೆದ ಹಾಲಿನ ಪ್ರಯೋಗವು ಒಳ್ಳೆಯ ನಿದರ್ಶನ. ಅಲ್ಲಿ ಸುಮಾರು 20,000 ಶಾಲಾ ಮಕ್ಕಳನ್ನು ಆರಿಸಿಕೊಳ್ಳಲಾಯಿತು. ಅವರಲ್ಲಿ ಅರ್ಧದಷ್ಟು ಮಕ್ಕಳಿಗೆ ಫೆಬ್ರವರಿಯಿಂದ ಜೂನ್‌ವರೆಗೆ ದಿನಂಪ್ರತಿ ಮುಕ್ಕಾಲು ಪಿಂಟ್ ಹಾಲು. ಉಳಿದರ್ಧ ಮಕ್ಕಳಿಗೆ ಇಲ್ಲ. ಮೊದಲಲ್ಲಿ ಒಮ್ಮೆ, ಕೊನೆಯಲ್ಲಿ ಒಮ್ಮೆ ಎತ್ತರ ತೂಕಗಳನ್ನು ಅಳೆಯುವುದು. ಮಕ್ಕಳ ಸಂಖ್ಯೆಯನ್ನು ನೋಡಿದರೆ ಅದುವರೆಗೆ ಅಷ್ಟು ದೊಡ್ಡ ಪ್ರಯೋಗಗಳು ವಿರಳ. ಆದರೆ ಹಾಲು ಕುಡಿಯುವ ಗುಂಪು ಯಾವುದು, ಕುಡಿಯದ ಗುಂಪು ಯಾವುದು ಎಂಬುದನ್ನು ಚೀಟಿಯಿಂದಲೋ ಅಕ್ಷರಾನುಕ್ರಮದಿಂದಲೋ ನಿರ್ಧರಿಸಿದ ಮೇಲೆ, ಒಂದು ಗುಂಪಿನಲ್ಲಿ ಪುಷ್ಟರಾದ ಮಕ್ಕಳೋ ಕೃಶರಾದ ಮಕ್ಕಳೋ ಅತಿಯಾಗಿ ಸೇರಿಕೊಂಡಂತೆ ಕಂಡರೆ ಅದಲುಬದಲು ಮಾಡಬಹುದೆಂದು ಶಿಕ್ಷಕರಿಗೆ ಅನುಮತಿಯಿತ್ತು.

ಮರುವರ್ಷ ಈ ಪ್ರಯೋಗವನ್ನು ವಿಮರ್ಶಿಸಿದವರು ಡಬ್ಲಿನ್ನಿನ ಗಿನ್ನೆಸ್ ಮದ್ಯದ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದು 'ಸ್ಟೂಡೆಂಟ್' ಎಂಬ ಗುಪ್ತನಾಮದಿಂದ ಬರೆಯುತ್ತಿದ್ದ ಸಂಖ್ಯಾಶಾಸ್ತ್ರಜ್ಞ ಡಬ್ಲ್ಯು. ಎಸ್. ಗಾಸೆಟ್. ಪ್ರಯೋಗದ ಆರಂಭದಲ್ಲಿಯೇ ಹಾಲಿಲ್ಲದ ಗುಂಪಿನ ಮಕ್ಕಳು ಹಾಲಿನ ಗುಂಪಿನವರಿಗಿಂತ ಎತ್ತರದಲ್ಲಿಯೂ ತೂಕದಲ್ಲಿಯೂ ಮುಂದಿದ್ದುದನ್ನು ಅವರು ಎತ್ತಿ ತೋರಿಸಿದರು. ಬಡ ಮಗುವನ್ನು ಕಂಡ ಶಿಕ್ಷಕರ ಮನಸ್ಸು ಕರಗಿ, ತಮಗರಿವಿಲ್ಲದೆಯೇ ಆ ಮಗುವಿನ ಹೆಸರನ್ನು ಹಾಲಿನ ಪಟ್ಟಿಗೆ ಸೇರಿಸಿರಬೇಕೆಂಬುದು ಅವರ ಊಹೆ. ಇನ್ನೊಂದು ಸೂಕ್ಷ್ಮವನ್ನೂ ಅವರು ಗುರುತಿಸಿದರು. ಮಕ್ಕಳನ್ನು ಉಟ್ಟ ಬಟ್ಟೆಯಲ್ಲಿಯೇ ತೂಗಲಾಗಿತ್ತು. ಚಳಿಗಾಲದಲ್ಲಿ ದಪ್ಪನೆಯ ಉಡುಪು ತೊಟ್ಟ ಅನುಕೂಲಸ್ಥರ ಮಗು ಬೇಸಗೆಯಲ್ಲಿ ಅದನ್ನು ಕಳಚಿದಾಗ ತೂಕದಲ್ಲಿ ಸ್ವಲ್ಪ ಕಳೆದುಕೊಂಡಂತೆ ಕಾಣುತ್ತದೆ. ಕಳಚಲು ಹೆಚ್ಚಿನ ಉಡುಪೇ ಇಲ್ಲದ ಬಡವರ ಮಗುವಿಗೆ ಆ ನಷ್ಟವಿಲ್ಲ. ಇಷ್ಟು ದೊಡ್ಡ ಪ್ರಯೋಗಕ್ಕೆ ಬದಲಾಗಿ ಒಂದೇ ಹೋಲಿಕೆಯ ಅವಳಿ ಮಕ್ಕಳ ಐವತ್ತು ಜೋಡಿಗಳನ್ನು ಪರೀಕ್ಷಿಸಿದ್ದರೆ ತೀರ ಅಲ್ಪ ವೆಚ್ಚದಲ್ಲಿ ಹೆಚ್ಚು ನಂಬಲರ್ಹವಾದ ಉತ್ತರ ಸಿಗುತ್ತಿತ್ತೆಂದು ಅವರು ಬರೆದರು.

ಸಂಖ್ಯಾಶಾಸ್ತ್ರದ ಪುಸ್ತಕಗಳಲ್ಲಿ ಈ ಕಥೆಯನ್ನು ಶಿಕ್ಷಕರ ತಪ್ಪಿನ ಕಥೆಯಾಗಿ ಹೇಳುವುದುಂಟು. ಅದು ಅರ್ಧ ಸತ್ಯ. ಹಾಲು ಹಸಿದವನಿಗೆ ಮೊದಲು ಸಲ್ಲಬೇಕು, ಅವನಿಗೇ ಅದರಿಂದ ಹೆಚ್ಚು ಪ್ರಯೋಜನ ಎಂಬ ಸಿದ್ಧಾಂತ ಆ ಶಿಕ್ಷಕರಲ್ಲಿತ್ತು. ಪ್ರಯೋಗವನ್ನು ಯೋಜಿಸಿದವರಲ್ಲಿ ಅದು ಇರಲಿಲ್ಲ. ಅವರ ಲೆಕ್ಕದಲ್ಲಿ ಮಗುವೆಂದರೆ ಮಗು, ಅಷ್ಟೆ. ಬಡವರ ಮಗುವಿಗೆ ಎಷ್ಟು ಫಲ, ಉಳ್ಳವರ ಮಗುವಿಗೆ ಎಷ್ಟು ಫಲ ಎಂದು ಮೊದಲೇ ಎರಡು ಪ್ರಶ್ನೆಗಳನ್ನು ಕೇಳಿದ್ದರೆ ಶಿಕ್ಷಕರ ಕರುಣೆಯನ್ನೂ ಲೆಕ್ಕದ ಒಳಗೆ ಸೇರಿಸಿಕೊಳ್ಳಬಹುದಾಗಿತ್ತು.

ಈಗ ಪರಾಮರ್ಶೆಗಳ ಕಡೆಗೆ ಬರೋಣ. ಕೆನಡಾದ ಎಲಿಜಬೆತ್ ಕ್ರಿಸ್ಟ್ಯಾನ್ಸನ್ ಅವರೂ ಅವರ ಸಂಗಡಿಗರೂ ಬಡ ಮಕ್ಕಳಿಗೆ ಶಾಲೆಯಲ್ಲಿ ಕೊಡುವ ಊಟವನ್ನು ಕುರಿತ 18 ಅಧ್ಯಯನಗಳನ್ನು ಒಟ್ಟುಗೂಡಿಸಿ 2007ರಲ್ಲಿ ಕಾಕ್ರನ್ ಸಂಸ್ಥೆಯ ಮೂಲಕ ತಮ್ಮ ಪರಾಮರ್ಶೆಯನ್ನು ಪ್ರಕಟಿಸಿದರು. ಕಡಿಮೆ ಆದಾಯದ ದೇಶಗಳಲ್ಲಿ ಚೀಟಿ ಎತ್ತಿದಂತೆ ಗುಂಪು ವಿಂಗಡಿಸಿ ನಡೆಸಿದ ಪ್ರಯೋಗಗಳಲ್ಲಿ, ಊಟ ಪಡೆದ ಮಕ್ಕಳು ಸರಾಸರಿ ಹತ್ತೊಂಬತ್ತು ತಿಂಗಳ ಅವಧಿಯಲ್ಲಿ ಇತರರಿಗಿಂತ 0.39 ಕಿಲೋಗ್ರಾಂ ಹೆಚ್ಚು ತೂಕ ಗಳಿಸಿದ್ದರು. ವರ್ಷಕ್ಕೆ 4ರಿಂದ 6 ದಿನ ಹೆಚ್ಚಾಗಿ ಶಾಲೆಗೆ ಬಂದಿದ್ದರು. ಗಣಿತದಲ್ಲಿ ಪ್ರಗತಿ ಕಂಡಿತು. ಎತ್ತರದ ವಿಷಯದಲ್ಲಿ ಫಲಿತಾಂಶಗಳು ಮಿಶ್ರವಾಗಿದ್ದವು.

ನಾನೂರು ಗ್ರಾಮಿಗೂ ಕಡಿಮೆ! ಇಷ್ಟಕ್ಕಾಗಿ ಇಷ್ಟೊಂದು ವೆಚ್ಚವೇ ಎಂದು ಅರ್ಥಸಚಿವರೊಬ್ಬರು ಕೇಳಿದರೆ ಆಶ್ಚರ್ಯವಿಲ್ಲ. ಆದರೆ ಇದು ಸರಾಸರಿ ಎಂಬುದನ್ನು ಮರೆಯಬಾರದು. ಹೊಟ್ಟೆ ತುಂಬಿದ ಮಗುವಿನ ಸೊನ್ನೆಯೂ ಬರಗಾಲದ ಊರಿನ ಮಗುವಿನ ಗಳಿಕೆಯೂ ಸರಾಸರಿಯಲ್ಲಿ ಕೂಡಿಹೋಗುತ್ತವೆ. ಒಂದು ಕೆರೆ ಸರಾಸರಿ ಮೂರು ಅಡಿ ಆಳವೆಂದು ತಿಳಿದು ಈಜು ಬಾರದವನು ಇಳಿಯಲಾಗದು. ಯಾವ ಅಧ್ಯಯನದಲ್ಲಿ ಫಲ ಕಂಡಿತು, ಯಾವುದರಲ್ಲಿ ಕಾಣಲಿಲ್ಲ, ಏಕೆ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಆ ಪ್ರಶ್ನೆಯನ್ನು ಅದೇ ವರ್ಷ ಕೈಗೆತ್ತಿಕೊಂಡವರು ಬ್ರಿಟನ್ನಿನ ಟ್ರಿಷಾ ಗ್ರೀನ್‌ಹಾಲ್ಜ್. ಮೇಲ್ಕಂಡ ಕ್ರಿಸ್ಟ್ಯಾನ್ಸನ್ ಮತ್ತು ವಿವಿಯನ್ ರಾಬಿನ್ಸನ್ ಅವರೊಡನೆ ಸೇರಿ ಅದೇ ಅಧ್ಯಯನಗಳನ್ನು ಅವರು ಇನ್ನೊಮ್ಮೆ, ಬೇರೆ ಕಣ್ಣಿನಿಂದ ಓದಿದರು. ಅವರು ಅನುಸರಿಸಿದ ಚೌಕಟ್ಟು ಇಂಗ್ಲೆಂಡಿನ ಸಮಾಜಶಾಸ್ತ್ರಜ್ಞ ರೇ ಪಾಸನ್ ಅವರದು. ಪಾಸನ್ ಮತ್ತು ನಿಕ್ ಟಿಲ್ಲಿ ಇಬ್ಬರೂ 1997ರ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದ ತತ್ತ್ವ ಸರಳವಾದುದು: ಯಾವ ಯೋಜನೆಯೂ ತಾನಾಗಿ ಫಲ ಕೊಡುವುದಿಲ್ಲ, ಯೋಜನೆಯು ಜನರ ಮನಸ್ಸಿನಲ್ಲಿಯೋ ದೇಹದಲ್ಲಿಯೋ ಒಂದು ಒಳಕ್ರಿಯೆಯನ್ನು ಎಬ್ಬಿಸುತ್ತದೆ, ಆ ಒಳಕ್ರಿಯೆ ಏಳುವುದೋ ಇಲ್ಲವೋ ಎಂಬುದು ಸನ್ನಿವೇಶವನ್ನು ಅವಲಂಬಿಸಿದೆ. ಬೀಜ, ನೆಲ, ಬೆಳೆಗಳ ಸಂಬಂಧವನ್ನು ಬಲ್ಲ ರೈತನಿಗೆ ಇದು ಹೊಸ ಮಾತೇನಲ್ಲ. ಅಂಕಿಗಳ ಲೋಕಕ್ಕೆ ಹೊಸದಾಗಿತ್ತು.

ಈ ಕಣ್ಣಿನಿಂದ ನೋಡಿದಾಗ 'ಶಾಲೆಯ ಊಟ' ಎಂಬ ಒಂದೇ ಹೆಸರಿನಡಿ ಹಲವು ಬೇರೆ ಬೇರೆ ಸಿದ್ಧಾಂತಗಳು ಅಡಗಿರುವುದು ಗೋಚರಿಸುತ್ತದೆ. ದೀರ್ಘಕಾಲದ ಪೌಷ್ಟಿಕ ಕೊರತೆ ನೀಗಿ ಮಗು ಬೆಳೆಯುತ್ತದೆ ಎಂಬುದು ಒಂದು. ಆ ಹೊತ್ತಿನ ಹಸಿವು ತಣಿದು ಪಾಠದಲ್ಲಿ ಮನಸ್ಸು ನಿಲ್ಲುತ್ತದೆ ಎಂಬುದು ಇನ್ನೊಂದು. ಊಟದ ಆಸೆಯಿಂದ ಮಗು ಶಾಲೆಗೆ ಬರುತ್ತದೆ, ಬಂದ ಮೇಲೆ ಕಲಿಯುತ್ತದೆ ಎಂಬುದು ಮತ್ತೊಂದು. ತನ್ನನ್ನು ಯಾರೋ ಆದರಿಸುತ್ತಿದ್ದಾರೆಂಬ ಭಾವದಿಂದ ಮಗು ಅರಳುತ್ತದೆ ಎಂಬುದೂ ಉಂಟು. ಪ್ರಸಾದ ನಿಲಯಗಳನ್ನು ಬಲ್ಲವರು ಈ ಕೊನೆಯದನ್ನು ಕಡೆಗಣಿಸಲಾರರು. ಮೊದಲನೆಯ ದಾರಿ ನಿಜವಾದರೆ ತೂಕ ಎತ್ತರಗಳನ್ನು ವರ್ಷಗಟ್ಟಲೆ ಅಳೆಯಬೇಕು. ಎರಡನೆಯದಾದರೆ ಊಟ ಮಧ್ಯಾಹ್ನಕ್ಕಿಂತ ಬೆಳಿಗ್ಗೆಯೇ ಸಲ್ಲುವುದು ಲೇಸು, ಅಳೆಯಬೇಕಾದದ್ದು ಏಕಾಗ್ರತೆಯನ್ನು. ಮೂರನೆಯದಕ್ಕೆ ಹಾಜರಿ ಪುಸ್ತಕವೇ ಸಾಕ್ಷಿ. ನಾಲ್ಕನೆಯದನ್ನು ತಕ್ಕಡಿಯಲ್ಲಿ ತೂಗುವುದು ಸಾಧ್ಯವಿಲ್ಲ. ಎಲ್ಲವನ್ನೂ ಒಂದೇ ಕೋಷ್ಟಕದಲ್ಲಿ ಕೂಡಿಸಿದರೆ ಸಿಗುವುದು ಯಾವ ಪ್ರಶ್ನೆಗೂ ಸೇರದ ಉತ್ತರ.

ಜಮೈಕಾ ದ್ವೀಪದಲ್ಲಿ ನಡೆದ ಎರಡು ಅಧ್ಯಯನಗಳು ಈ ಮಾತನ್ನು ವಿಶದಪಡಿಸುತ್ತವೆ. 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಲ್ಲಿನ 16 ಗ್ರಾಮೀಣ ಶಾಲೆಗಳ 800ಕ್ಕೂ ಹೆಚ್ಚು ಮಕ್ಕಳಲ್ಲಿ ಒಂದು ಗುಂಪಿಗೆ ಇಡೀ ಶಾಲಾ ವರ್ಷ ಬೆಳಗಿನ ಉಪಾಹಾರ ಕೊಡಲಾಯಿತು. ಮತ್ತೊಂದು ಗುಂಪಿಗೆ ಕಿತ್ತಳೆಯ ಕಾಲು ಭಾಗ ಮತ್ತು ಅಷ್ಟೇ ಪ್ರಮಾಣದ ಗಮನ. ಕಿತ್ತಳೆಯ ಆ ಹೋಳು ವ್ಯರ್ಥವಾದುದಲ್ಲ. ಆದರಣೆಯಿಂದಲೇ ಫಲ ಬರುವುದಾದರೆ ಎರಡೂ ಗುಂಪಿಗೆ ಸಮನಾಗಿ ಬರಬೇಕು. ಅನ್ನದಿಂದ ಬರುವುದಾದರೆ ಮೊದಲ ಗುಂಪಿಗೆ ಮಾತ್ರ. ಹೀಗೆ ಎರಡು ಸಿದ್ಧಾಂತಗಳನ್ನು ಬೇರ್ಪಡಿಸುವ ಉಪಾಯ ಅದು. ಉಪಾಹಾರ ಪಡೆದವರಲ್ಲಿ ಎತ್ತರ, ತೂಕ, ಹಾಜರಿಗಳು ಹೆಚ್ಚಿದವು. ಕಿರಿಯ ಮಕ್ಕಳು ಲೆಕ್ಕದಲ್ಲಿ ಮುಂದಾದರು. ಆದರೆ ಅದಕ್ಕೆ ಎರಡು ವರ್ಷ ಮೊದಲು, 1996ರಲ್ಲಿ, ಅದೇ ದ್ವೀಪದಿಂದ ಬಂದ ಇನ್ನೊಂದು ವರದಿ ಬೇರೊಂದು ಸಂಗತಿಯನ್ನು ತಿಳಿಸಿತ್ತು. ಸುಸಜ್ಜಿತವಾದ ಶಾಲೆಯಲ್ಲಿ ಉಪಾಹಾರ ಉಂಡ ಮಕ್ಕಳು ಪಾಠದಲ್ಲಿ ಹೆಚ್ಚು ಮಗ್ನರಾದರು. ಕಿಕ್ಕಿರಿದ, ಅವ್ಯವಸ್ಥಿತ ತರಗತಿಗಳಲ್ಲಿ ಅದೇ ಉಪಾಹಾರ ಉಂಡವರ ಮಗ್ನತೆ ಕಡಿಮೆಯಾಯಿತು. ಹೊಟ್ಟೆ ತುಂಬಿದ ಮಗುವಿಗೆ ಬಂದ ಚೈತನ್ಯವನ್ನು ಒಂದು ಕಡೆ ಪಾಠ ಹಿಡಿದುಕೊಂಡಿತು, ಇನ್ನೊಂದು ಕಡೆ ಹಿಡಿದುಕೊಳ್ಳಲು ಏನೂ ಇರಲಿಲ್ಲ ಎಂದು ಇದನ್ನು ಅರ್ಥೈಸಬಹುದು. ಎರಡನ್ನೂ ಕೂಡಿಸಿ ಸರಾಸರಿ ತೆಗೆದಿದ್ದರೆ ಉಪಾಹಾರಕ್ಕೂ ಏಕಾಗ್ರತೆಗೂ ಸಂಬಂಧವೇ ಇಲ್ಲವೆಂಬ ತೀರ್ಮಾನಕ್ಕೆ ಬರಬೇಕಾಗುತ್ತಿತ್ತು.

ಶಾಲಾ ಊಟದ ವಿರುದ್ಧ ಪದೇ ಪದೇ ಕೇಳಿಬರುವ ಆಕ್ಷೇಪವೊಂದಿದೆ: ಶಾಲೆಯಲ್ಲಿ ಉಂಡ ಮಗುವಿಗೆ ಮನೆಯಲ್ಲಿ ಕಡಿಮೆ ಬಡಿಸುತ್ತಾರೆ, ಕೊಟ್ಟದ್ದು ಒಂದು ಕೈಯಿಂದ ಬಂದು ಇನ್ನೊಂದು ಕೈಯಿಂದ ಹೋಗುತ್ತದೆ. ಇದೂ ಒಂದು ಸಿದ್ಧಾಂತವೇ; ಬರೆದಿಟ್ಟರೆ ಪರೀಕ್ಷೆಗೆ ಒಳಪಡಿಸಬಹುದಾದದ್ದು. ಗ್ರೀನ್‌ಹಾಲ್ಜ್ ಮತ್ತು ಸಂಗಡಿಗರು ಯೋಜನೆಗಳು ವಿಫಲವಾಗಬಹುದಾದ ಕಾರಣಗಳಲ್ಲಿ ಇದನ್ನೂ ಪರಿಗಣಿಸಿದರು. ಫಿಲಿಪ್ಪೀನ್ಸ್ ದೇಶದ ಶಾಲಾ ಊಟವನ್ನು ಕುರಿತು ಹನಾನ್ ಜಾಕೊಬಿ ಅವರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮನೆಯ ಊಟ ಕಡಿತವಾದ ಕುರುಹು ಹೆಚ್ಚುಕಡಮೆ ಕಾಣಲೇ ಇಲ್ಲ. ನಮ್ಮ ದೇಶದ ಮಧ್ಯ ಪ್ರದೇಶದ ಹಳ್ಳಿಗಳಲ್ಲಿ ಫರ್ಜಾನಾ ಆಫ್ರಿದಿ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದೇ ದಿಕ್ಕಿನದು. ಶಾಲೆಯ ಊಟದಿಂದ ಬಂದ ಪೋಷಕಾಂಶಗಳಲ್ಲಿ, ಪೋಷಕಾಂಶವನ್ನು ಅನುಸರಿಸಿ, ಸುಮಾರು ಅರ್ಧದಿಂದ ಪೂರ್ಣ ಪ್ರಮಾಣದವರೆಗೆ ಮಗುವಿನ ದಿನದ ಒಟ್ಟು ಆಹಾರಕ್ಕೆ ಸೇರ್ಪಡೆಯಾಗಿತ್ತು. ಬಡ ತಾಯಂದಿರನ್ನು ಕುರಿತು ಪಂಡಿತರು ಇಟ್ಟುಕೊಂಡಿದ್ದ ಸಂಶಯ ಈ ಎರಡು ಕಡೆಗಳಲ್ಲಂತೂ ನಿಲ್ಲಲಿಲ್ಲ. ಬೇರೆ ಕಡೆ ನಿಲ್ಲಬಹುದು. ಅದನ್ನು ನೋಡಿಯೇ ಹೇಳಬೇಕು.

ಫಲವನ್ನು ಎಷ್ಟು ಕಾಲದವರೆಗೆ ಕಾಯಬೇಕೆಂಬುದನ್ನು ನಿರ್ಧರಿಸುವುದೂ ಸಿದ್ಧಾಂತವೇ. ಭಾರತದ ಬಿಸಿಯೂಟವನ್ನು ಕುರಿತು 2021ರಲ್ಲಿ 'ನೇಚರ್ ಕಮ್ಯುನಿಕೇಷನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನವು 1993ರಿಂದ 2016ರವರೆಗಿನ ರಾಷ್ಟ್ರೀಯ ಅಂಕಿಅಂಶಗಳನ್ನು ಬಳಸಿ, ಬಾಲ್ಯದಲ್ಲಿ ಶಾಲೆಯ ಊಟ ದೊರೆತ ಹೆಣ್ಣುಮಕ್ಕಳು ಮುಂದೆ ತಾಯಂದಿರಾದಾಗ ಅವರ ಮಕ್ಕಳು ವಯಸ್ಸಿಗೆ ತಕ್ಕ ಎತ್ತರದಲ್ಲಿ ಇತರರಿಗಿಂತ ಮುಂದಿರುವುದನ್ನು ತೋರಿಸಿತು. ಆ ಹುಡುಗಿಯರು ಹೆಚ್ಚು ವರ್ಷ ಓದಿದರು, ತಡವಾಗಿ ತಾಯಂದಿರಾದರು, ಕಡಿಮೆ ಮಕ್ಕಳನ್ನು ಹೆತ್ತರು, ಆಸ್ಪತ್ರೆಯ ನೆರವು ಪಡೆದರು ಎಂಬುದು ಅಲ್ಲಿ ಸೂಚಿಸಲಾದ ದಾರಿ. ಹತ್ತೊಂಬತ್ತು ತಿಂಗಳ ತೂಕವನ್ನಷ್ಟೇ ಎದುರಿಗಿಟ್ಟುಕೊಂಡ ಪರಾಮರ್ಶೆಗೆ ಈ ಫಲ ಎಂದೂ ಕಾಣಿಸಲಾರದು.

ಇನ್ನು ಭಾರತಕ್ಕೆ ವಿಶೇಷವಾದ ಸಿದ್ಧಾಂತವೊಂದುಂಟು. 2001ರ ನವೆಂಬರ್ 28ರಂದು ಸರ್ವೋಚ್ಚ ನ್ಯಾಯಾಲಯವು ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಕನಿಷ್ಠ 300 ಕ್ಯಾಲೊರಿ ಮತ್ತು 8ರಿಂದ 12 ಗ್ರಾಂ ಪ್ರೋಟೀನ್ ಇರುವ ಬೇಯಿಸಿದ ಊಟವನ್ನು ವರ್ಷಕ್ಕೆ ಕನಿಷ್ಠ 200 ದಿನ ಕೊಡಬೇಕೆಂದು ಆಜ್ಞಾಪಿಸಿದ ಮೇಲೆ, ಜೀನ್ ಡ್ರೆಜ್ ಮತ್ತು ಅಪರ್ಣಾ ಗೋಯಲ್ ಅವರು ಛತ್ತೀಸ್‌ಗಢ, ರಾಜಸ್ಥಾನ ಮತ್ತು ಕರ್ನಾಟಕಗಳ ಹಳ್ಳಿಗಳ ಸಮೀಕ್ಷೆಯನ್ನು ಆಧರಿಸಿ 2003ರಲ್ಲಿ ಬರೆದ ಲೇಖನದಲ್ಲಿ ಊಟದ ಪ್ರಯೋಜನಗಳನ್ನು ಮೂರಾಗಿ ವಿಂಗಡಿಸಿದರು: ಶಿಕ್ಷಣ, ಪೋಷಣೆ, ಸಾಮಾಜಿಕ ಸಮಾನತೆ. ಯಾರ ಪಕ್ಕದಲ್ಲಿ ಯಾರು ಕುಳಿತರು, ಯಾರು ಬೇಯಿಸಿದ ಅನ್ನವನ್ನು ಯಾರು ಉಂಡರು ಎಂಬುದು ಜಮೈಕಾದ ಪ್ರಶ್ನೆಯಲ್ಲ, ಲ್ಯಾನಾರ್ಕ್‌ಶೈರಿನ ಪ್ರಶ್ನೆಯೂ ಅಲ್ಲ. ಪಂಕ್ತಿಭೇದವನ್ನು ಅಲ್ಲಗಳೆದ ಶರಣರ ನಾಡಿನಲ್ಲಿ ಅದನ್ನು ಕೇಳದೆ ಬಿಡುವುದು ಅಸಾಧ್ಯ. ವಾಸಸ್ಥಳ, ಜನಾಂಗ, ಉದ್ಯೋಗ, ಲಿಂಗ, ಧರ್ಮ, ವಿದ್ಯೆ, ಆರ್ಥಿಕ ಸ್ಥಿತಿ ಮುಂತಾದವುಗಳ ಪ್ರಕಾರ ಫಲವನ್ನು ಬಿಡಿಸಿ ನೋಡಬೇಕೆಂಬ ಒಂದು ಚೌಕಟ್ಟು ಪರಾಮರ್ಶಕರಲ್ಲಿ ಪ್ರಚಾರದಲ್ಲಿದೆ. ಭಾರತದಲ್ಲಿ ಅದನ್ನು ಬಳಸುವವರು ಜಾತಿಯನ್ನು ಆ ಪಟ್ಟಿಯಲ್ಲಿ ಸ್ಪಷ್ಟವಾಗಿ ಕಾಣಿಸದಿದ್ದರೆ ಪಟ್ಟಿಯೇ ಅಪೂರ್ಣ.

ಇಷ್ಟೆಲ್ಲ ಹೇಳಿದ ಮೇಲೆ ಸಿದ್ಧಾಂತದಿಂದ ಆಗುವ ಅಪಾಯವನ್ನೂ ಹೇಳದಿದ್ದರೆ ನ್ಯಾಯವಾಗದು. 1950 ಮತ್ತು 60ರ ದಶಕಗಳಲ್ಲಿ ಬಡ ದೇಶಗಳ ಮಕ್ಕಳ ಅಪೌಷ್ಟಿಕತೆಗೆ ಮೂಲ ಕಾರಣ ಪ್ರೋಟೀನಿನ ಕೊರತೆ ಎಂಬ ಸಿದ್ಧಾಂತ ವಿಶ್ವಸಂಸ್ಥೆಯ ವಲಯಗಳಲ್ಲಿ ಪ್ರಬಲವಾಗಿತ್ತು. ಪ್ರೋಟೀನ್ ಸಮೃದ್ಧವಾದ ಅಗ್ಗದ ಆಹಾರಗಳ ಶೋಧನೆ ಎಲ್ಲೆಡೆ ನಡೆಯಿತು. ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯವು ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟು ಮತ್ತು ಕಡಲೆ ಹಿಟ್ಟುಗಳನ್ನು ಬೆರೆಸಿ ಸಿದ್ಧಪಡಿಸಿದ 'ಬಹೂಪಯೋಗಿ ಆಹಾರ'ವೂ ಆ ಕಾಲದ ಕೊಡುಗೆಯೇ. ಆ ವಿಜ್ಞಾನಿಗಳ ಶ್ರಮ ಗೌರವಾರ್ಹವಾದುದು. ಆದರೆ ಹೈದರಾಬಾದಿನ ಸಿ. ಗೋಪಾಲನ್ ಮೊದಲಾದವರು ನಮ್ಮ ಮಕ್ಕಳ ಊಟವನ್ನೇ ಅಳೆದು ನೋಡಿ, ಮುಖ್ಯ ಕೊರತೆ ಒಟ್ಟು ಆಹಾರದ್ದು, ಅಂದರೆ ಕ್ಯಾಲೊರಿಯದು ಎಂದು ತೋರಿಸಿದರು. ರೂಢಿಯ ಧಾನ್ಯ ಬೇಳೆಗಳ ಊಟವನ್ನೇ ಹೊಟ್ಟೆ ತುಂಬ ಉಂಡರೆ ಪ್ರೋಟೀನಿನ ಅಗತ್ಯವೂ ಬಹುಮಟ್ಟಿಗೆ ಪೂರೈಕೆಯಾಗುತ್ತಿತ್ತು. 1974ರಲ್ಲಿ ಡೊನಾಲ್ಡ್ ಮೆಕ್‌ಲಾರೆನ್ ಅವರು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಈ ಇಡೀ ಪ್ರಕರಣವನ್ನು ಪ್ರೋಟೀನಿನ ಮಹಾ ವೈಫಲ್ಯವೆಂದೇ ಕರೆದರು. ಚೌಕಟ್ಟು ಗಟ್ಟಿಯಾದಷ್ಟೂ ಅದರ ಹೊರಗಿನದು ಕಾಣದೆ ಹೋಗುತ್ತದೆ ಎಂಬುದಕ್ಕೆ ಇದಕ್ಕಿಂತ ದುಬಾರಿಯಾದ ಸಾಕ್ಷ್ಯ ಬೇಡ.

ಈ ಅಪಾಯದ ಪರಿಹಾರಕ್ಕೆ ಪರಾಮರ್ಶಕರು ಕೆಲವು ಕಟ್ಟುಪಾಡುಗಳನ್ನು ಮಾಡಿಕೊಂಡಿದ್ದಾರೆ. ಯಾವ ಸಿದ್ಧಾಂತವನ್ನು ಪರೀಕ್ಷಿಸಲಾಗುವುದೆಂಬುದನ್ನು ಫಲಿತಾಂಶಗಳನ್ನು ನೋಡುವ ಮೊದಲೇ ಪ್ರಕಟಿಸಬೇಕು. ಅಂಕಿಗಳನ್ನು ಕಂಡ ಮೇಲೆ ಅವಕ್ಕೊಪ್ಪುವ ಕಾರಣವನ್ನು ಹೆಣೆಯುವುದು ಬಾಣ ನೆಟ್ಟಲ್ಲಿ ಗುರಿಯ ವೃತ್ತ ಬರೆದಂತೆ. ಎದುರು ಸಿದ್ಧಾಂತವನ್ನೂ ಜೊತೆಯಲ್ಲಿಡಬೇಕು. ಇಂಗ್ಲೆಂಡಿನ ಕ್ರಿಸ್ಟೊಫರ್ ಕ್ಯಾರಲ್ ಮತ್ತು ಸಂಗಡಿಗರು 2011ರಲ್ಲಿ ವಿವರಿಸಿದ ವಿಧಾನದಲ್ಲಿ, ಇರುವುದರಲ್ಲಿ ಹೆಚ್ಚು ಹೊಂದುವ ಚೌಕಟ್ಟನ್ನು ಆರಿಸಿಕೊಂಡು, ಅದರ ಅಂಕಣಗಳಲ್ಲಿ ಕೂರದ ಸಂಗತಿಗಳನ್ನು ಬಲವಂತದಿಂದ ಒಳಗೆ ತುರುಕದೆ ಬೇರೆಯಾಗಿ ಇಟ್ಟು, ಅವುಗಳಿಂದ ಚೌಕಟ್ಟನ್ನೇ ತಿದ್ದಲಾಗುತ್ತದೆ. ಹಾಗೆ ಹೊರಗುಳಿದ ಸಂಗತಿಗಳೇ ಹಲವು ವೇಳೆ ಹೆಚ್ಚು ಬೆಲೆಯುಳ್ಳವು.

ಪರಾಮರ್ಶೆಯಾದರೂ ತನಗೆ ದೊರೆತ ವರದಿಗಳಿಗಿಂತ ಮೇಲೇರಲಾರದು. ಹಳೆಯ ಅಧ್ಯಯನಗಳನ್ನು ಮತ್ತೆ ಓದುವವರ ಮುಖ್ಯ ತೊಡಕು ಇದೇ: ತೂಕದ ಅಂಕಿ ಸಿಗುತ್ತದೆ, ಅಡುಗೆ ಆಗದ ದಿನಗಳ ಲೆಕ್ಕ ಸಿಗುವುದಿಲ್ಲ. ಕರ್ನಾಟಕದ ಶಾಲೆಗಳಲ್ಲಿ ಬಿಸಿಯೂಟದ ಜೊತೆಗೆ 2013ರಿಂದ ಕ್ಷೀರಭಾಗ್ಯದ ಹಾಲೂ ಸೇರಿದೆ. ಇದರ ಫಲವನ್ನು ಮುಂದೊಮ್ಮೆ ಯಾರಾದರೂ ಸರಿಯಾಗಿ ವಿಚಾರಿಸಬೇಕಾದರೆ, ದಾಸ್ತಾನಿನ ಪುಸ್ತಕದಲ್ಲಿ ಅಕ್ಕಿ ಎಷ್ಟು ಬಂತು ಎಷ್ಟು ಹೋಯಿತು ಎಂಬುದರ ಜೊತೆಗೆ ಇನ್ನೂ ಕೆಲವು ಅಂಕಣಗಳು ಬೇಕಾಗುತ್ತವೆ. ಯಾವ ದಿನ ಒಲೆ ಹೊತ್ತಲಿಲ್ಲ, ಏಕೆ. ತಟ್ಟೆಯಲ್ಲಿ ಎಷ್ಟು ಉಳಿಯಿತು. ಹಾಲನ್ನು ಕುಡಿಯದೆ ಮನೆಗೊಯ್ದ ಮಗು ಯಾವುದು, ಯಾರಿಗಾಗಿ ಒಯ್ದಿತು. ಹಿಂದಿನ ರಾತ್ರಿ ಮನೆಯಲ್ಲಿ ಏನು ಉಂಡಿತ್ತು. ಮಗುವನ್ನು ತೂಗಿದ ದಿನ ಅದು ತೊಟ್ಟಿದ್ದ ಬಟ್ಟೆಯನ್ನೂ ಬರೆಯಬಹುದು. ಲ್ಯಾನಾರ್ಕ್‌ಶೈರಿನ ಶಿಕ್ಷಕರು ಯಾವ ಮಗುವಿನ ಹೆಸರನ್ನು ಯಾವ ಕಾರಣಕ್ಕಾಗಿ ಬದಲಿಸಿದರೆಂಬುದನ್ನು ಒಂದು ಪುಟದಲ್ಲಿ ಬರೆದಿಟ್ಟಿದ್ದರೆ, ಇಪ್ಪತ್ತು ಸಾವಿರ ಮಕ್ಕಳ ಆ ಪ್ರಯೋಗದಿಂದ ಇಂದಿಗೂ ಇನ್ನಷ್ಟು ತಿಳಿಯಬಹುದಾಗಿತ್ತು.